ಬೆಂಗಳೂರಿನಿಂದ ಮುಕ್ತಿನಾಥಕ್ಕೆ ಒಂದೇ ಬೈಕಿನಲ್ಲಿ ಇಬ್ಬರು: ಹಿಂದಿನ ಸೀಟಿನಿಂದ ಹಾಕಬೇಕಾದ ಲೆಕ್ಕ

ಮನೆಯ ಬೈಕಿನಲ್ಲೇ ಗಂಡ ಹೆಂಡತಿ ಹೊರದೇಶಕ್ಕೆ ಹೋಗಿಬರಬೇಕು ಅಂದರೆ ಬೆಂಗಳೂರಿನವರಿಗೆ ಮೊದಲು ತೋರಿಸಬೇಕಾದ ದಾರಿ ನೇಪಾಳದ್ದು. ವೀಸಾ ಬೇಡ, ಭಾರತದ ಡಿಎಲ್ ನಡೆಯುತ್ತದೆ, ಗಾಡಿ ಓಡುವುದೂ ಎಡಗಡೆಯೇ. ಸಾಲಿಗ್ರಾಮ ಪೂಜೆ ಇರುವ ಮನೆಗಳಲ್ಲಿ ಗಂಡಕಿಯ ಹೆಸರು ಕೇಳದೆ ಬೆಳೆದವರಿಲ್ಲ. ನೇಪಾಳದ ಪೊಖರಾ ಪಟ್ಟಣ ದಾಟಿದ ಮೇಲೆ ಮುಕ್ತಿನಾಥ ದೇವಸ್ಥಾನದ ರಸ್ತೆ ಅದೇ ಕಾಳಿ ಗಂಡಕಿಯ ದಂಡೆ ಹಿಡಿದು ಏರುತ್ತದೆ. ಹೋಗಿಬರುವ ಒಟ್ಟು ದೂರ ಸುಮಾರು 5,000 ಕಿ.ಮೀ.

ಇಬ್ಬರ ಪ್ರವಾಸ ಇಂಜಿನ್ ಕೈಕೊಟ್ಟು ಕೆಡುವುದು ಕಡಿಮೆ. ಮೂರನೇ ದಿನದ ಹೊತ್ತಿಗೆ ಹಿಂದೆ ಕೂತವರ ಸೊಂಟ, ಮಂಡಿ, ತಾಳ್ಮೆ ಸೋತು ಕೆಡುವುದೇ ಹೆಚ್ಚು. ಓಡಿಸುವವರಿಗೆ ರಸ್ತೆ ಮುಂಚೆಯೇ ಕಾಣುತ್ತದೆ, ಗುಂಡಿ ಬಂದರೆ ಮೈ ತಾನಾಗಿ ಸಿದ್ಧವಾಗುತ್ತದೆ. ಹಿಂದಿನವರಿಗೆ ಆ ಪೆಟ್ಟು ಹೇಳದೆ ಕೇಳದೆ ಬರುತ್ತದೆ, ಅದೂ ಹಿಂದಿನ ಚಕ್ರದ ನೆತ್ತಿಯ ಮೇಲೆ ಕೂತಾಗ. ಹಾಗಾಗಿ ದಿನಕ್ಕೆ ಎಷ್ಟು ದೂರ, ಎಷ್ಟು ಲಗೇಜು, ಶಾಕ್ ಅಬ್ಸಾರ್ಬರ್ ಎಷ್ಟು ಬಿಗಿ ಎಂಬುದನ್ನೆಲ್ಲ ಹಿಂದಿನ ಸೀಟಿನಿಂದ ಲೆಕ್ಕ ಹಾಕಬೇಕು.

ಯಾವಾಗ ಹೊರಡಬೇಕು, ಎಷ್ಟು ದಿನ ಬೇಕು

ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ ಒಳ್ಳೆಯ ಕಾಲ. ಮಾರ್ಚ್–ಏಪ್ರಿಲ್ ಎರಡನೆಯ ಆಯ್ಕೆ, ಆದರೆ ಆಗ ನಾಗಪುರದ ಕಡೆ ಬಿಸಿಲು ಸುಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಪೊಖರಾದಾಚೆಯ ಬೇನಿಯಿಂದ ಮೇಲೆ ಗುಡ್ಡ ಕುಸಿಯುತ್ತದೆ, ರಸ್ತೆ ದಿನಗಟ್ಟಲೆ ಮುಚ್ಚುತ್ತದೆ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಉತ್ತರ ಪ್ರದೇಶದ ಮಂಜು ಬೆಳಗಿನ ಅರ್ಧ ದಿನವನ್ನೇ ತಿಂದುಹಾಕುತ್ತದೆ. ನಮ್ಮ ದಸರಾ ಅಲ್ಲಿ ದಶೈಂ, ದೀಪಾವಳಿ ಅಲ್ಲಿ ತಿಹಾರ್. ಆ ದಿನಗಳಲ್ಲಿ ಕಚೇರಿಗಳು ಮುಚ್ಚಿರುತ್ತವೆ, ರಸ್ತೆ ತುಂಬಿರುತ್ತದೆ. ಎರಡು ಹಬ್ಬಗಳ ನಡುವೆ ಅಥವಾ ತಿಹಾರ್ ಮುಗಿದ ಮೇಲೆ ಗಡಿ ದಾಟುವ ಹಾಗೆ ದಿನ ಹೊಂದಿಸಿಕೊಳ್ಳಿ.

ಪೂರ್ತಿ ಬೈಕಿನಲ್ಲೇ ಹೋಗಿಬರಲು 20 ದಿನ ರಜೆ ಬೇಕು. ಅಷ್ಟು ಸಿಗದಿದ್ದರೆ ದಿನಗಳನ್ನು ಕುಗ್ಗಿಸಬೇಡಿ, ಬೈಕನ್ನು ರೈಲಿಗೆ ಹಾಕಿ. ಯಶವಂತಪುರದಿಂದ ಗೋರಖ್‌ಪುರಕ್ಕೆ ನೇರ ರೈಲಿದೆ. ನಿಮ್ಮ ಟಿಕೆಟ್ ತೋರಿಸಿ ‘ಲಗೇಜ್’ ಎಂದು ಬುಕ್ ಮಾಡಿದರೆ ಗಾಡಿ ನೀವು ಹೋಗುವ ರೈಲಿನಲ್ಲೇ ಬರುವಂತೆ ಕೇಳಬಹುದು. ‘ಪಾರ್ಸೆಲ್’ ಎಂದು ಬರೆಸಿದರೆ ಜಾಗ ಸಿಕ್ಕ ರೈಲಿನಲ್ಲಿ ಬರುತ್ತದೆ, ಗೋರಖ್‌ಪುರದಲ್ಲಿ ಕಾಯುತ್ತಾ ಕೂರಬೇಕಾಗುತ್ತದೆ. ಆರ್‌ಸಿ ಜೆರಾಕ್ಸ್, ಗುರುತಿನ ಚೀಟಿ ಇಟ್ಟುಕೊಂಡು ಹಿಂದಿನ ದಿನವೇ ಪಾರ್ಸೆಲ್ ಆಫೀಸಿಗೆ ಹೋಗಿ ವಿಚಾರಿಸಿ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆಸಬೇಕು. ಕನ್ನಡಿ ಬಿಚ್ಚಿ ಚೀಲಕ್ಕೆ ಹಾಕಿ. ಬ್ರೇಕ್ ಮತ್ತು ಕ್ಲಚ್ ಲಿವರ್‌ಗಳಿಗೆ ಗೋಣಿ ಸುತ್ತಿಸಿ, ಏಕೆಂದರೆ ಗಾಡಿಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದಾಗ ಮೊದಲು ಮುರಿಯುವುದು ಅವೇ.

ತೂಕ

ಬೈಕಿನ ಕೈಪಿಡಿಯಲ್ಲಿ ಗರಿಷ್ಠ ಒಟ್ಟು ತೂಕ ಎಂದು ಒಂದು ಅಂಕಿ ಇರುತ್ತದೆ. ಅದರಿಂದ ಪೆಟ್ರೋಲ್ ತುಂಬಿದ ಬೈಕಿನ ತೂಕ ಕಳೆಯಿರಿ. ಉಳಿದಷ್ಟರಲ್ಲಿ ನೀವಿಬ್ಬರು, ಜಾಕೆಟ್, ಬೂಟು, ಹೆಲ್ಮೆಟ್, ಬಾಕ್ಸು, ಲಗೇಜು ಎಲ್ಲ ಹಿಡಿಸಬೇಕು. ಓಡಿಸುವವರು 72 ಕೆ.ಜಿ., ಹಿಂದೆ ಕೂರುವವರು 58 ಕೆ.ಜಿ. ಇದ್ದಾರೆ ಅನ್ನಿ. ಇಬ್ಬರ ರೈಡಿಂಗ್ ಗೇರ್ ಸೇರಿ 15 ಕೆ.ಜಿ. ಆಗುತ್ತದೆ, ಇದನ್ನು ಲೆಕ್ಕಕ್ಕೆ ಹಿಡಿಯುವುದನ್ನು ಬಹಳ ಜನ ಮರೆಯುತ್ತಾರೆ. ಅಲ್ಲಿಗೇ 145. ಲಗೇಜು, ಅದನ್ನು ಹೊರುವ ಸ್ಟ್ಯಾಂಡು, ಟೂಲ್ಸ್ ಎಲ್ಲ ಸೇರಿ 30 ಕೆ.ಜಿ. ದಾಟದಂತೆ ನೋಡಿಕೊಳ್ಳಿ. ಮನೆಯ ತೂಕದ ಯಂತ್ರದ ಮೇಲೆ ಚೀಲ ಹಿಡಿದು ನಿಂತು ಒಂದೊಂದನ್ನೂ ತೂಗಿ. ಅಂದಾಜು ಯಾವಾಗಲೂ ಕಡಿಮೆಯೇ ಬರುತ್ತದೆ.

ಭಾರದ ಸಾಮಾನು ಕೆಳಗಿರಲಿ, ಮುಂದಕ್ಕಿರಲಿ. ಟೂಲ್ಸ್, ಟ್ಯೂಬು, ನೀರು ಪಕ್ಕದ ಚೀಲಗಳ ತಳಕ್ಕೆ, ಹಿಂದೆ ಕೂತವರ ಪಾದದ ಹತ್ತಿರ. ಟಾಪ್ ಬಾಕ್ಸಿಗೆ ರೇನ್‌ಕೋಟು, ಬೆಚ್ಚನೆ ಬಟ್ಟೆ, ತಿಂಡಿ ಮಾತ್ರ, 5 ಕೆ.ಜಿ. ಮೀರದಂತೆ. ಟಾಪ್ ಬಾಕ್ಸ್ ಹಿಂದಿನ ಚಕ್ರದ ಆಕ್ಸಲ್‌ಗಿಂತ ಹಿಂದಕ್ಕೆ ಚಾಚಿರುತ್ತದೆ. ಅಲ್ಲಿ ಭಾರ ಹೇರಿದರೆ ತಕ್ಕಡಿಯ ಹಾಗೆ ಮುಂದಿನ ಚಕ್ರ ಹಗುರವಾಗಿ, ವೇಗ ಹೆಚ್ಚಿದಂತೆ ಹ್ಯಾಂಡಲ್ ಅದುರುತ್ತದೆ. ಎಷ್ಟೋ ಜನ ಇದಕ್ಕೆ ಟಯರ್ ಬದಲಿಸಿ, ಬೇರಿಂಗ್ ಬದಲಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ಮೊದಲು ಬಾಕ್ಸ್ ಖಾಲಿ ಮಾಡಿ ಓಡಿಸಿ ನೋಡಿ.

ಹಿಂದಿನ ಸ್ಪ್ರಿಂಗ್

ಶೋರೂಮಿನಿಂದ ಬರುವಾಗ ಹಿಂದಿನ ಶಾಕ್ ಅಬ್ಸಾರ್ಬರ್ ಸಾಮಾನ್ಯವಾಗಿ ಒಬ್ಬರ ತೂಕಕ್ಕೆ ಹೊಂದಿಸಿರುತ್ತದೆ. ಹಾಗೇ ಇಬ್ಬರು ಕೂತರೆ ಸ್ಪ್ರಿಂಗ್ ಅರ್ಧ ದಾರಿ ಮೊದಲೇ ಕುಸಿದಿರುತ್ತದೆ, ಉಳಿದರ್ಧ ಮೊದಲ ಗುಂಡಿಯಲ್ಲೇ ಮುಗಿದು ಪೆಟ್ಟು ನೇರ ಬೆನ್ನುಮೂಳೆಗೆ ಹೋಗುತ್ತದೆ. ಇದನ್ನು ಸರಿಮಾಡಲು ಒಂದು ಟೇಪು, ಒಬ್ಬ ಸಹಾಯಕ, ಅರ್ಧ ಗಂಟೆ ಸಾಕು.

ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ತೇಲುವಂತೆ ನಿಲ್ಲಿಸಿ. ಆಕ್ಸಲ್ ನಟ್‌ನ ಮಧ್ಯದಿಂದ ನೇರ ಮೇಲೆ ಸೀಟಿನ ಅಂಚಿನಲ್ಲಿ ಒಂದು ಟೇಪಿನ ಗುರುತು ಅಂಟಿಸಿ ಅಳೆಯಿರಿ. 560 ಮಿ.ಮೀ. ಬಂತು ಅನ್ನಿ. ಈಗ ಎಲ್ಲ ಲಗೇಜು ಕಟ್ಟಿ, ಇಬ್ಬರೂ ಪೂರ್ತಿ ಗೇರ್ ಹಾಕಿಕೊಂಡು, ಬೈಕ್ ನೆಟ್ಟಗೆ ನಿಲ್ಲಿಸಿ ಕೂರಿ. ಎರಡು ಸಲ ಕುಲುಕಿ ಸುಮ್ಮನಾಗಿ. ಸಹಾಯಕರು ಅದೇ ಎರಡು ಬಿಂದು ಅಳೆಯಲಿ. 475 ಬಂದರೆ ಕುಸಿತ 85 ಮಿ.ಮೀ. ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ಚಲನೆ 200 ಮಿ.ಮೀ. ಇರುವ ಬೈಕಿನಲ್ಲಿ ಇದು ಶೇ. 42. ಬೇಕಾದದ್ದು ಶೇ. 30ರಿಂದ 35, ಅಂದರೆ 60ರಿಂದ 70 ಮಿ.ಮೀ. ಕೊಕ್ಕೆಯಾಕಾರದ ಸಿ-ಸ್ಪ್ಯಾನರ್‌ನಿಂದ ಪ್ರೀಲೋಡ್, ಅಂದರೆ ಸ್ಪ್ರಿಂಗಿನ ಮೊದಲ ಬಿಗಿ, ಒಂದೊಂದೇ ಹಂತ ಏರಿಸಿ ಮತ್ತೆ ಕೂತು ಅಳೆಯಿರಿ. ಕೊನೆಯ ಹಂತಕ್ಕೆ ಹೋದರೂ ಶೇ. 40ರ ಕೆಳಗೆ ಇಳಿಯದಿದ್ದರೆ ಎರಡೇ ದಾರಿ: ಲಗೇಜು ಇಳಿಸಿ, ಇಲ್ಲವೇ ಗಟ್ಟಿ ಸ್ಪ್ರಿಂಗ್ ಹಾಕಿಸಿ. ಸೀಟಿನ ಮೇಲೆ ಜೆಲ್ ಕುಶನ್ ಹಾಕಿದರೆ ಈ ತೊಂದರೆ ಹೋಗುವುದಿಲ್ಲ.

ಇಬ್ಬರೂ ಕೂತಿರುವಾಗಲೇ ಇನ್ನೆರಡು ಕೆಲಸ ಮುಗಿಸಿ. ಒಂದು, ಹೆಡ್‌ಲೈಟ್. ಹಿಂಭಾಗ ಕುಸಿದರೆ ಬೆಳಕು ಮೇಲೆದ್ದು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ, ನಿಮ್ಮ ರಸ್ತೆ ಕತ್ತಲಾಗುತ್ತದೆ. ಎರಡು, ಚೈನ್. ಚೈನ್ ಸುತ್ತುವ ಮುಂದಿನ ಹಲ್ಲುಚಕ್ರ (ಸ್ಪ್ರಾಕೆಟ್), ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್‌ನ ಕೀಲು, ಹಿಂದಿನ ಆಕ್ಸಲ್ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗಿರುತ್ತದೆ. ಇಬ್ಬರ ಭಾರಕ್ಕೆ ಗಾಡಿ ಸರಿಯಾಗಿ ಆ ಗೆರೆಯ ಹತ್ತಿರಕ್ಕೇ ಇಳಿಯುತ್ತದೆ. ಖಾಲಿ ಬೈಕಿನಲ್ಲಿ ಬಿಗಿಯಾಗಿ ಹೊಂದಿಸಿದ ಚೈನ್, ಭಾರ ಬಿದ್ದು ಗುಂಡಿಗೆ ಇಳಿದಾಗ ತಂತಿಯ ಹಾಗೆ ಸೆಟೆದು ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗ್ ಎಳೆಯುತ್ತದೆ. ಅಲ್ಲಿಂದ ಆಯಿಲ್ ಜಿನುಗತೊಡಗಿದರೆ ರಸ್ತೆ ಬದಿಯಲ್ಲಿ ಆಗುವ ರಿಪೇರಿಯಲ್ಲ. ಇಬ್ಬರೂ ಕೂತು ಇನ್ನೊಬ್ಬರು ಹಿಂಭಾಗವನ್ನು ಕೆಳಕ್ಕೆ ಒತ್ತಿದಾಗಲೂ ಚೈನ್ 10 ಮಿ.ಮೀ. ಆದರೂ ಆಡಬೇಕು. ದಾರಿಯಲ್ಲಿ ಪ್ರತಿ 500 ಕಿ.ಮೀ.ಗೆ, ಸಂಜೆ ಚೈನ್ ಬಿಸಿಯಿರುವಾಗಲೇ, ಲ್ಯೂಬ್ ಅಥವಾ 80ಡಬ್ಲ್ಯೂ-90 ಗೇರ್ ಆಯಿಲ್ ಸವರಿ.

ಗಾಳಿ ಎಷ್ಟಿರಬೇಕೆಂದು ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಇಬ್ಬರ ಸವಾರಿಗೆ ಬೇರೆ ಅಂಕಿ ಇರುತ್ತದೆ, ಅದನ್ನೇ ಹಿಡಿಯಿರಿ, ಬೆಳಿಗ್ಗೆ ಟಯರ್ ತಣ್ಣಗಿರುವಾಗ. ಹಿಂದಿನ ಟಯರ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಹೊರಡುವ ಮುಂಚೆಯೇ ಬದಲಿಸಿ. ಬ್ರೇಕ್ ಆಯಿಲ್ ಎರಡು ವರ್ಷ ಹಳೆಯದಾದರೆ ಹೊಸದು ಹಾಕಿಸಿ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ. ಮುಕ್ತಿನಾಥದಿಂದ ಇಳಿಯುವಾಗ ಹಿಂದಿನ ಬ್ರೇಕನ್ನೇ ಒತ್ತಿಹಿಡಿದು ಬಂದವರಿಗೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುವುದು ಇದಕ್ಕೇ. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು.

ಬಿಡಿಭಾಗಗಳಲ್ಲಿ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಎರಡೂ ಲಿವರ್, ಫ್ಯೂಸ್‌ಗಳು, ಚೈನ್ ಲಿಂಕ್, ಒಂದು ಸೆಟ್ ಬ್ರೇಕ್ ಪ್ಯಾಡ್, ಸ್ಪೋಕ್ ಚಕ್ರವಾದರೆ ಮುಂದೆ ಹಿಂದೆ ಒಂದೊಂದು ಟ್ಯೂಬು ಸಾಕು. ಜೆ.ಸಿ. ರಸ್ತೆಯಲ್ಲಿ ಎಲ್ಲವೂ ಒಂದೇ ಓಡಾಟದಲ್ಲಿ ಸಿಗುತ್ತವೆ. 21 ಇಂಚಿನ ಮುಂಚಕ್ರದ ಟ್ಯೂಬನ್ನು ಮಾತ್ರ ಮರೆಯಲೇಬೇಡಿ, ಸಣ್ಣ ಊರುಗಳ ಪಂಚರ್ ಅಂಗಡಿಯಲ್ಲಿ ಆ ಅಳತೆ ಇರುವುದಿಲ್ಲ.

ಹೊರಡುವ ಮೂರು ವಾರ ಮುಂಚೆ ಪೂರ್ತಿ ಲಗೇಜಿನೊಂದಿಗೆ ಚಿಕ್ಕಮಗಳೂರಿಗೆ ಹೋಗಿ ಮುಳ್ಳಯ್ಯನಗಿರಿ ಕಡೆ ಹತ್ತಿಳಿದು ಎರಡು ದಿನದಲ್ಲಿ ವಾಪಸ್ ಬನ್ನಿ. ಸುಮಾರು 500 ಕಿ.ಮೀ., ಹೈವೇಯೂ ಘಾಟಿಯೂ ಎರಡೂ ಸಿಗುತ್ತವೆ. ಬಂದ ಮೇಲೆ ಹಿಂದೆ ಕೂತವರು ಎಲ್ಲೆಲ್ಲಿ ನೋವು ಅನ್ನುತ್ತಾರೋ ಬರೆದುಕೊಳ್ಳಿ. ಮಂಡಿ ನೋವಾದರೆ ಫುಟ್‌ರೆಸ್ಟ್ ಎತ್ತರ ಹೆಚ್ಚಾಗಿದೆ, ಇಲ್ಲವೇ ಪಕ್ಕದ ಚೀಲ ಕಾಲನ್ನು ಮುಂದಕ್ಕೆ ತಳ್ಳುತ್ತಿದೆ. ಕೈ ಭುಜ ನೋವಾದರೆ ಹಿಡಿಯಲು ಸರಿಯಾದ ಹಿಡಿಕೆಯಿಲ್ಲ.

ಕಾಗದಪತ್ರ

ಇಬ್ಬರಿಗೂ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ನಂಬಿಕೊಂಡು ಹೋಗಬೇಡಿ. ಆರ್‌ಸಿ ಮತ್ತು ಡಿಎಲ್ ಅಸಲು ಕಾರ್ಡುಗಳೇ ಬೇಕು, ಮೊಬೈಲಿನ ಡಿಜಿಲಾಕರ್ ಗಡಿಯಾಚೆ ಕೆಲಸಕ್ಕೆ ಬರುವುದಿಲ್ಲ. ಬೈಕ್ ಇಬ್ಬರಲ್ಲಿ ಯಾರ ಹೆಸರಿನಲ್ಲಿದೆಯೋ ಅವರೇ ಓಡಿಸುವುದು ಸುಲಭ. ಇನ್ನೊಬ್ಬರು ಓಡಿಸುವುದಾದರೆ ಮಾಲೀಕರ ಒಪ್ಪಿಗೆ ಪತ್ರ ಬರೆಸಿಟ್ಟುಕೊಳ್ಳಿ. ಎಲ್ಲದರ ನಾಲ್ಕು ನಾಲ್ಕು ಜೆರಾಕ್ಸ್, ಆರಾರು ಪಾಸ್‌ಪೋರ್ಟ್ ಸೈಜ್ ಫೋಟೋ.

ಇನ್ಶೂರೆನ್ಸ್ ಬಗ್ಗೆ ನಿಧಾನವಾಗಿ ಓದಿ. ಭಾರತದ ಮೋಟಾರ್ ಪಾಲಿಸಿ ಗಡಿಯಲ್ಲಿ ನಿಂತುಬಿಡುತ್ತದೆ. ಆದರೆ ಭೌಗೋಳಿಕ ವ್ಯಾಪ್ತಿ ವಿಸ್ತರಣೆ ಎಂಬ ಸೇರ್ಪಡೆ ಇದೆ, ಐಎಂಟಿ-1 ಎಂದು ಕರೆಯುತ್ತಾರೆ. ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ ಮುಂತಾದ ಅಕ್ಕಪಕ್ಕದ ದೇಶಗಳಿಗೆ ಸ್ವಲ್ಪ ಹೆಚ್ಚುವರಿ ಹಣಕ್ಕೆ ಕೊಡುತ್ತಾರೆ. ಆನ್‌ಲೈನ್ ನವೀಕರಣದಲ್ಲಿ ಇದು ಕಾಣದಿರಬಹುದು. ಕಂಪನಿಗೆ ಈಮೇಲ್ ಬರೆದು ಕೇಳಿ, ಪಾಲಿಸಿಯಲ್ಲಿ ನೇಪಾಳದ ಹೆಸರು ಅಚ್ಚಾಗಿ ಬಂದ ಮೇಲೇ ಹೊರಡಿ. ಆರೋಗ್ಯದ ಟ್ರಾವೆಲ್ ಪಾಲಿಸಿ ಬೇರೆಯೇ ಬೇಕು. ಬೈಕ್ ಓಡಿಸುವಾಗ ಮತ್ತು ಹಿಂದೆ ಕೂತಾಗ ಆಗುವ ಅಪಘಾತ, ಗುಡ್ಡದಿಂದ ಹೆಲಿಕಾಪ್ಟರಿನಲ್ಲಿ ಸಾಗಿಸುವ ಖರ್ಚು, ಎರಡೂ ಸೇರಿವೆಯೇ ಎಂದು ಬರಹದಲ್ಲಿ ಉತ್ತರ ಪಡೆಯಿರಿ.

ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ, 1993ರಿಂದ ಇದೇ ದರ. ನಮ್ಮ 100ರ ನೋಟುಗಳನ್ನು ಒಯ್ಯಿರಿ, ದೊಡ್ಡ ನೋಟುಗಳನ್ನು ನೆಚ್ಚಿಕೊಳ್ಳಬೇಡಿ. ಪೊಖರಾದಿಂದ ಮೇಲೆ ಪೂರ್ತಿ ನಗದು ವ್ಯವಹಾರ ಎಂದೇ ತಿಳಿಯಿರಿ. ಪೆಟ್ರೋಲಿಗೆ ಇಬ್ಬರ ಭಾರದಲ್ಲಿ ಲೀಟರಿಗೆ 27 ಕಿ.ಮೀ. ಎಂದು ಹಿಡಿದರೆ ಒಟ್ಟು 185 ಲೀಟರ್ ಆಗುತ್ತದೆ.

ಗಡಿಯವರೆಗೆ

ಬೆಳಿಗ್ಗೆ ನಾಲ್ಕೂವರೆಗೆ ಹೆಬ್ಬಾಳ ದಾಟಿದರೆ ಊರಿನ ಟ್ರಾಫಿಕ್ ತಪ್ಪುತ್ತದೆ. ಮೊದಲ ದಿನ ಹೈದರಾಬಾದ್, ಸುಮಾರು 570 ಕಿ.ಮೀ. ಅಲ್ಲಿನ ಹೊರವರ್ತುಲ ರಸ್ತೆಗೆ ದ್ವಿಚಕ್ರ ವಾಹನ ಬಿಡುವುದಿಲ್ಲ, ಮ್ಯಾಪ್ ಅದರ ಮೇಲೆ ಕರೆದೊಯ್ದರೆ ಹೋಗಬೇಡಿ, ಸರ್ವಿಸ್ ರಸ್ತೆ ಹಿಡಿಯಿರಿ. ಎರಡನೇ ದಿನ ನಾಗಪುರ, 500. ಮೂರನೇ ದಿನ ಜಬಲ್ಪುರ, 275 ಮಾತ್ರ. ಇಲ್ಲಿ ‘ಇನ್ನೂ ಮಧ್ಯಾಹ್ನ ತಾನೇ, ಮುಂದೆ ಹೋಗೋಣ’ ಎಂಬ ಆಸೆ ಹುಟ್ಟುತ್ತದೆ. ತಡೆದುಕೊಳ್ಳಿ, ಆ ಅರ್ಧ ದಿನ ಹಿಂದೆ ಕೂತವರ ಬೆನ್ನಿಗೆ ಸೇರಿದ್ದು. ನಾಲ್ಕನೇ ದಿನ ರೀವಾ ಮೇಲೆ ವಾರಾಣಸಿ, ಐದನೇ ದಿನ ಗೋರಖ್‌ಪುರ. ಗಡಿಯ ಊರು ಸೋನೌಲಿ ಅಲ್ಲಿಂದ ನೂರು ಕಿ.ಮೀ.ಗೂ ಒಳಗೆ. ಆದರೂ ಗೋರಖ್‌ಪುರದಲ್ಲೇ ಮಲಗಿ, ನಸುಕಿಗೆ ಹೊರಟು ಬೆಳಿಗ್ಗೆ ಗಡಿ ಮುಟ್ಟಿ.

ಒಂದೂವರೆ ಗಂಟೆಗೊಮ್ಮೆ ಅಥವಾ 100 ಕಿ.ಮೀ.ಗೊಮ್ಮೆ ಹತ್ತು ನಿಮಿಷ ನಿಲ್ಲಿಸಿ, ನೋವು ಶುರುವಾಗುವ ಮುಂಚೆಯೇ. ಇಂಟರ್‌ಕಾಮ್ ಇದ್ದರೂ ಅದರ ಬ್ಯಾಟರಿ ಮುಗಿಯುತ್ತದೆ, ಹಾಗಾಗಿ ಕೈ ಸನ್ನೆ ಮಾತಾಡಿಕೊಂಡಿರಿ: ಭುಜಕ್ಕೆ ಒಂದು ತಟ್ಟು ಅಂದರೆ ನಿಧಾನ, ಎರಡು ಅಂದರೆ ನಿಲ್ಲಿಸು. ಎರಡು ತಟ್ಟಿದರೆ ಏಕೆ ಎಂದು ಕೇಳದೆ ಮುಂದೆ ಸಿಗುವ ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಹತ್ತುವಾಗ ಇಳಿಯುವಾಗ ‘ಹತ್ತಲಾ’, ‘ಹ್ಞೂಂ ಹತ್ತು’ ಎಂದು ಬಾಯಿಬಿಟ್ಟು ಹೇಳಿಯೇ ಕಾಲೆತ್ತಬೇಕು. ಲಗೇಜು ತುಂಬಿದ ಬೈಕು ಬೀಳುವುದು ಹೆಚ್ಚಾಗಿ ನಿಂತಲ್ಲೇ, ಓಡಿಸುವವರು ಕಾಲೂರುವ ಮುಂಚೆ ಹಿಂದಿನವರು ಒಂದು ಕಡೆ ತೂಕ ಹಾಕಿದಾಗ.

ಬೆಳಹಿಯಾದಲ್ಲಿ

ಸೋನೌಲಿಯ ಆಚೆ ಬದಿ ಬೆಳಹಿಯಾ. ಗಾಡಿಗೆ ಕೊಡುವ ಸುಂಕದ ಪರವಾನಗಿಗೆ ಅಲ್ಲಿ ‘ಭನ್ಸಾರ್’ ಅನ್ನುತ್ತಾರೆ. ದ್ವಾರ ದಾಟಿದೊಡನೆ ಸುಂಕದ ಕಚೇರಿಯ ಕಿಟಕಿಗೆ ನೀವೇ ಹೋಗಿ, ಬೈಕ್ ಸುತ್ತ ಸೇರುವ ಮಧ್ಯವರ್ತಿಗಳಿಗೆ ಅಸಲು ಕಾರ್ಡು ಕೊಡಬೇಡಿ. ಎಷ್ಟು ದಿನ ಎಂದು ಕೇಳುತ್ತಾರೆ. ಒಳಬರುವ ದಿನ, ಹೊರಹೋಗುವ ದಿನ ಎರಡನ್ನೂ ಎಣಿಸಿ, ಮೇಲೆ ಎರಡು ದಿನ ಸೇರಿಸಿ ಹೇಳಿ. ಈ ಪ್ರವಾಸಕ್ಕೆ 12 ದಿನ ಸರಿ. ರಸ್ತೆ ಕುಸಿದು ಒಂದು ದಿನ ಹೆಚ್ಚಾದರೆ ದಂಡ ಕಟ್ಟುವುದಕ್ಕಿಂತ ಇದು ಅಗ್ಗ. ಚೀಟಿ ಕೈಗೆ ಬಂದ ತಕ್ಷಣ ಗಾಡಿ ನಂಬರ್, ಹೆಸರು, ಕೊನೆಯ ದಿನಾಂಕ ಓದಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಆಮೇಲೆ ಸಾರಿಗೆ ಪರವಾನಗಿ ಮಾಡಿಸಿ. ಗಡಿಯಾರ 15 ನಿಮಿಷ ಮುಂದಕ್ಕೆ ತಿರುಗಿಸಿ. ಕುಡಿದು ಓಡಿಸುವ ವಿಷಯದಲ್ಲಿ ನೇಪಾಳದ ಪೊಲೀಸರು ಒಂದು ಬಿಯರನ್ನೂ ಮನ್ನಿಸುವುದಿಲ್ಲ.

ಅದೇ ದಿನ ಪೊಖರಾ ಮುಟ್ಟುವ ಹಟ ಬೇಡ. ಬುಟವಲ್ ದಾಟಿದೊಡನೆ ಸಿದ್ಧಬಾಬಾ ಎಂಬಲ್ಲಿ ಮೇಲಿನಿಂದ ಕಲ್ಲು ಉದುರುವ ಕಡಿದಾದ ತಿರುವುಗಳಿವೆ. ಅಲ್ಲಿ ಫೋಟೋಗೆ ನಿಲ್ಲಬೇಡಿ, ಮಳೆ ಬಂದಿದ್ದರೆ ಬುಟವಲ್‌ನಲ್ಲೇ ಕಾಯಿರಿ. ರಾತ್ರಿಗೆ ತಾನ್ಸೇನ್, ಮರುದಿನ ಸುಮಾರು 120 ಕಿ.ಮೀ. ಓಡಿಸಿದರೆ ಪೊಖರಾ. ಅಲ್ಲಿ ಎರಡು ರಾತ್ರಿ. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರವಾನಗಿ ಮಾಡಿಸಿ, ಭಾರತವೂ ಸೇರಿದ ಸಾರ್ಕ್ ದೇಶದವರಿಗೆ ತಲೆಗೆ 1,000 ನೇಪಾಳಿ ರೂಪಾಯಿ. ಅರ್ಧ ಲಗೇಜನ್ನು ಹೋಟೆಲಿನಲ್ಲಿ ಬಿಟ್ಟುಬಿಡಿ. ಮುಂದಿನ ರಸ್ತೆಗೆ ಹಿಂದಿನ ಚಕ್ರದಿಂದ 12–15 ಕೆ.ಜಿ. ಇಳಿಯುವುದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ.

ಕಾಳಿ ಗಂಡಕಿಯ ಕಣಿವೆ

ಪೊಖರಾದಿಂದ ಬೇನಿವರೆಗೆ ತೊಂದರೆ ಕಡಿಮೆ. ಮೊದಲ ರಾತ್ರಿ 1,190 ಮೀಟರಿನ ತಾತೋಪಾನಿಯಲ್ಲಿ ತಂಗಿ, ಬಿಸಿನೀರಿನ ಬುಗ್ಗೆ ಇದೆ, ಸೊಂಟಕ್ಕೆ ಹಿತ. ಮರುದಿನ ದಾನಾ, ಘಾಸಾ ದಾಟಿ 2,670 ಮೀಟರಿನ ಮಾರ್ಫಾ. ದೂರ ಕೇವಲ 50 ಕಿ.ಮೀ. ಆಸುಪಾಸು, ಆದರೂ ಪೂರ್ತಿ ದಿನ ಇಟ್ಟುಕೊಳ್ಳಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಎದುರಿಗೆ ಬಸ್ಸು. ಬಸ್ಸು ಕಂಡರೆ ಬಂಡೆಯ ಬದಿಗೇ ನಿಲ್ಲಿ, ಪ್ರಪಾತದ ಅಂಚಿಗೆ ಎಂದೂ ಸರಿಯಬೇಡಿ. ಅಲ್ಲಿ ಕಾಲೂರಿದ ಮಣ್ಣು ಗಟ್ಟಿ ಇರುತ್ತದೆ ಎಂದು ಹೇಳಲಾಗದು.

ರಸ್ತೆಗೆ ಅಡ್ಡ ಹರಿಯುವ ನೀರು ಬಂದಾಗ ಹಿಂದಿನವರು ಇಳಿಯಲೇಬೇಕು. ನಿಂತು ಜೀಪೊಂದು ದಾಟುವುದನ್ನು ನೋಡಿ, ಅದರ ಚಕ್ರ ಎಷ್ಟು ಮುಳುಗುತ್ತದೆ, ಎಲ್ಲಿ ಕುಲುಕುತ್ತದೆ ಗಮನಿಸಿ. ಇಳಿದವರು ಕಲ್ಲುಗಳ ಮೇಲೆ ದಾಟಿ ಆಚೆ ದಡದಲ್ಲಿ ಹೊರಬರಬೇಕಾದ ಜಾಗದಲ್ಲಿ ನಿಲ್ಲಲಿ. ಓಡಿಸುವವರು ಕಣ್ಣನ್ನು ನೀರಿನ ಮೇಲಿಡದೆ ಅವರ ಮೇಲಿಡಬೇಕು. ಮೊದಲ ಗೇರು, ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಒಂದೇ ಸಮ. ನಡುವೆ ಕ್ಲಚ್ ಹಿಡಿದರೆ ಗಾಡಿಯ ಓಟ ಸತ್ತು, ಉರುಟು ಕಲ್ಲಿನ ನಡುವೆ ಚಕ್ರ ಸಿಕ್ಕಿಕೊಳ್ಳುತ್ತದೆ. ದಾಟಿದ ಮೇಲೆ ಬ್ರೇಕನ್ನು ಎರಡು ಮೂರು ಸಲ ಒತ್ತಿ ಒಣಗಿಸಿ, ಆಮೇಲೆ ಹತ್ತಿಸಿಕೊಳ್ಳಿ. ಹಿಮ ಕರಗಿದ ನೀರು ಮಧ್ಯಾಹ್ನ ಏರುತ್ತದೆ, ಬೆಳಿಗ್ಗೆ ಅದೇ ಹಳ್ಳ ಪಾದದಷ್ಟಿರುತ್ತದೆ.

ಗಾಳಿಯ ಸಮಯ ತಿಳಿಯದೆ ಈ ಕಣಿವೆಗೆ ಹೋಗಬಾರದು. ಧವಳಗಿರಿ 8,167 ಮೀ., ಅನ್ನಪೂರ್ಣ 8,091 ಮೀ. ಇವೆರಡರ ನಡುವಿನ ಕಿರಿದಾದ ಸಂದು ಇದು. ಬಿಸಿಲೇರಿ ಉತ್ತರದ ಒಣ ಬಯಲು ಕಾದಂತೆ ಅಲ್ಲಿನ ಗಾಳಿ ಮೇಲೇರುತ್ತದೆ, ಆ ಜಾಗ ತುಂಬಲು ಕೆಳಗಿನ ಗಾಳಿ ಕಣಿವೆಯೊಳಗೆ ನುಗ್ಗುತ್ತದೆ. ಹತ್ತು ಹನ್ನೊಂದರ ಹೊತ್ತಿಗೆ ಶುರುವಾಗಿ ಸಂಜೆವರೆಗೂ ಮರಳು ಹೊತ್ತು ಬೀಸುತ್ತದೆ. ಕಣಿವೆಯ ಮೇಲಿನ ಊರು ಜೊಮ್ಸೊಮ್‌ನ ವಿಮಾನಗಳು ಬೆಳಿಗ್ಗೆ ಮಾತ್ರ ಹಾರುವುದು ಇದರಿಂದಲೇ. ಇಬ್ಬರು, ಪಕ್ಕದ ಚೀಲಗಳು, ಟಾಪ್ ಬಾಕ್ಸ್ ಎಲ್ಲ ಸೇರಿದ ಬೈಕು ಆ ಗಾಳಿಗೆ ಹಾಯಿಯಂತೆ ಒಡ್ಡಿಕೊಳ್ಳುತ್ತದೆ.

ಆದ್ದರಿಂದ ಮಾರ್ಫಾದಿಂದ ಆರೂವರೆಗೆ ಹೊರಡಿ, ಜೊಮ್ಸೊಮ್ ದಾಟಿ ಒಂಬತ್ತಕ್ಕೆಲ್ಲ ಮುಕ್ತಿನಾಥದ ಬುಡದ ರಾಣಿಪೌವಾ ತಲುಪುವಂತೆ. ಇಲ್ಲಿ 3,700 ಮೀಟರಿನ ಎತ್ತರದಲ್ಲಿ ಇಂಜಿನ್‌ಗೆ ಬೆಂಗಳೂರಿನಲ್ಲಿ ಸಿಗುವ ಶಕ್ತಿಯ ಮುಕ್ಕಾಲು ಪಾಲೂ ಸಿಗುವುದಿಲ್ಲ. ಬೈಕು ಕೆಟ್ಟಿಲ್ಲ, ಗಾಳಿ ತೆಳುವಾಗಿದೆ. ಒಂದು ಗೇರು ಕೆಳಗೇ ಓಡಿಸಿ. ಬೈಕ್ ನಿಲ್ಲಿಸಿದ ಮೇಲೆ ದೇವಸ್ಥಾನಕ್ಕೆ ಏರುದಾರಿ ನಡೆಯಬೇಕು, ಅವಸರ ಮಾಡದೆ ಹತ್ತಿ. 108 ಧಾರೆಗಳ ಕೆಳಗೆ ಮೀಯುವ ಮನಸ್ಸಿದ್ದರೆ ಒಣ ಬಟ್ಟೆ, ಟವೆಲ್ ಒಯ್ಯಿರಿ. ಒದ್ದೆ ತಲೆಗೆ ಹೆಲ್ಮೆಟ್ ಹಾಕಬೇಡಿ. ಇಬ್ಬರಲ್ಲಿ ಯಾರಿಗೇ ತಲೆನೋವಿನ ಜೊತೆ ವಾಂತಿ ಬಂದರೆ, ನಡಿಗೆ ತೂರಾಡಿದರೆ, ಮಾತ್ರೆ ನುಂಗಿ ಕಾಯುವುದಲ್ಲ, ತಕ್ಷಣ ಕೆಳಗಿಳಿಯುವುದು. ಎತ್ತರದ ತೊಂದರೆಗೆ ಕೊಡುವ ಡಯಾಮಾಕ್ಸ್ ಮಾತ್ರೆ ಬೇಕೇ ಎಂಬುದನ್ನು ಬೆಂಗಳೂರಿನಲ್ಲೇ ವೈದ್ಯರನ್ನು ಕೇಳಿಕೊಂಡಿರಿ.

ದರ್ಶನ ಮುಗಿಸಿ ಗಾಳಿ ಬಲವಾಗುವ ಮುಂಚೆ 2,810 ಮೀಟರಿನ ಕಾಗ್ಬೇನಿಗೆ ಇಳಿದು ಅಲ್ಲೇ ತಂಗಿ. ಅದರಾಚೆಯ ಮೇಲಿನ ಮುಸ್ತಾಂಗ್‌ಗೆ ಬೇರೆ ಪರವಾನಗಿ ಬೇಕು, ಇದೇ ಚೀಟಿಯಲ್ಲಿ ಹೋಗುವಂತಿಲ್ಲ. ಮರುದಿನ ನಸುಕಿಗೆ ಹೊರಟರೆ ಗಾಳಿ ಏಳುವಷ್ಟರಲ್ಲಿ ಘಾಸಾದ ಹತ್ತಿರ ಇರುತ್ತೀರಿ. ತಡವಾದರೆ ಅದೇ ಗಾಳಿ ಈಗ ನೇರ ಎದೆಗೆ ಬೀಸುತ್ತದೆ.

ಪೊಖರಾಕ್ಕೆ ಬಂದು ಲಗೇಜು ಮತ್ತೆ ಕಟ್ಟುವ ಮುಂಚೆ ಸ್ಪೋಕ್‌ಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ ಕೇಳಿ, ಮಂಕು ಸದ್ದು ಬಂದದ್ದು ಸಡಿಲವಾಗಿದೆ. ಲಗೇಜ್ ಸ್ಟ್ಯಾಂಡಿನ ಬೋಲ್ಟ್‌ಗಳನ್ನೆಲ್ಲ ಬಿಗಿಮಾಡಿ, ವೆಲ್ಡಿಂಗ್ ಬಿರುಕು ಬಿಟ್ಟಿದೆಯೇ ನೋಡಿ, ಚೈನ್ ಮತ್ತೆ ಇಬ್ಬರೂ ಕೂತು ಹೊಂದಿಸಿ. ಬೆಳಹಿಯಾದಲ್ಲಿ ಹೊರಬರುವಾಗ ಭನ್ಸಾರ್ ಚೀಟಿಯನ್ನು ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಆಮೇಲೆ ಅದೇ ಕಚೇರಿಗೆ ತೋರಿಸಿ ಗಾಡಿ ಹೊರಹೋಯಿತೆಂದು ದಾಖಲಿಸಿಕೊಳ್ಳಿ. ಈ ಕೆಲಸ ಮುಗಿಯದೆ ಗೇಟು ದಾಟಬೇಡಿ.